ಬೂ ಮೆರೆವಾಲೆಸಿಯ ಫ್ಲಾಸ್ಕು

ವೇಷ ಮರೆಸಿಕೊಂಡು ಬರುವ ಪೊಲೀಸರಿಗೆ ನಮ್ಮ ಫಿಜಿಯ ದ್ವೀಪಗಳಷ್ಟು ಕಷ್ಟದ ಜಾಗ ಇನ್ನೊಂದಿಲ್ಲ. ದೊಡ್ಡ ದೇಶಗಳಲ್ಲಿ ಗಡ್ಡ ಬಿಟ್ಟರೆ ಸಾಕಂತೆ, ಹೆಸರು ಬದಲಿಸಿದರೆ ಸಾಕಂತೆ. ಇಲ್ಲಿ "ಬೂಲಾ" ಎಂದು ನಮಸ್ಕಾರ ಹೇಳಿದ ಮೇಲೆ ಕೇಳುವ ಮೊದಲ ಪ್ರಶ್ನೆ ಯಾವೂರು, ಎರಡನೆಯದು ಯಾರ ಮಗ, ಮೂರನೆಯದು ತಾಯಿಯ ಕಡೆಯವರು ಯಾರು. ಹೆಸರು ಕೇಳುವ ಹೊತ್ತಿಗೆ ನಾವು ಅವನ ಅಜ್ಜನ ಮೊಣಕಾಲು ನೋವಿನವರೆಗೆ ಹೋಗಿಬಂದಿರುತ್ತೇವೆ.

ಸೆಕೋವೆ ನಮ್ಮ ನುಕುಸೆರೆಗೆ ಬಂದದ್ದು ತಿಂಗಳಿಗೊಮ್ಮೆ ಬರುವ ಸರಕಿನ ಹಡಗಿನಲ್ಲಿ, ದೋಣಿ ಎಂಜಿನ್ ರಿಪೇರಿಯವನಾಗಿ. ವೇಷ ಒಳ್ಳೆಯದೇ. ಊರಿನ ಹತ್ತೊಂಬತ್ತು ಎಂಜಿನ್‌ಗಳಲ್ಲಿ ಹದಿಮೂರು ಕೆಟ್ಟು ಕೂತಿದ್ದವು. ದೇವದೂತ ಬಂದಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ದೇವದೂತರಿಗೆ ಕಾರ್ಬುರೇಟರ್ ಬಿಚ್ಚಲು ಬರುವುದಿಲ್ಲ. ನನ್ನ ಅಡುಗೆಮನೆಯ ಪಕ್ಕದ ಖಾಲಿ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟೆ. ಮೂವತ್ತು ವರ್ಷ ಈ ಊರಿನ ಶಾಲೆ ನಡೆಸಿ ನಿವೃತ್ತನಾದವನು ನಾನು. ಮಾತಿಗೆ ಒಬ್ಬ ಸಿಕ್ಕರೆ ಬಾಡಿಗೆ ಕೇಳುವವನಲ್ಲ.

ಅವನು ನಿಜವಾಗಿ ಯಾತಕ್ಕೆ ಬಂದಿದ್ದ ಎಂಬುದನ್ನು ಆಮೇಲೆ ಅವನೇ ಹೇಳಿದ. ಎರಡು ತಿಂಗಳ ಹಿಂದೆ ಎಲ್ಲಿಂದಲೋ ಬಂದ ಒಂದು ಹಾಯಿಹಡಗು ನೂರರವತ್ತು ಕೆಜಿ ಕೊಕೇನನ್ನು ನಮ್ಮೂರಿನವನೇ ಆದ ಎರೋನಿಯ ಕೈಗೆ ಇಳಿಸಿಹೋಗಿತ್ತು. ಇನ್ನೊಂದು ಹಾಯಿಹಡಗು ಬಂದು ಅದನ್ನು ಆಸ್ಟ್ರೇಲಿಯಾಕ್ಕೆ ಒಯ್ಯಬೇಕಿತ್ತು. ಎರೋನಿಯನ್ನು ಹಿಡಿಯುವುದು ದೊಡ್ಡದಲ್ಲ. ಕೊಳ್ಳಲು ಬಂದವರನ್ನು ಸರಕಿನ ಸಮೇತ ಹಿಡಿಯಬೇಕು. ನೌಕಾಪಡೆಯ ಗಸ್ತು ಹಡಗು ಪಕ್ಕದ ನಿರ್ಜನ ದ್ವೀಪದ ಹಿಂದೆ ಅಡಗಿ ಕೂತಿತ್ತು. ಸೆಕೋವೆ ಮಾಡಬೇಕಾದದ್ದು ಒಂದೇ: ಎಲ್ಲಿದೆ ಎಂದು ಉಪಗ್ರಹದ ಮೂಲಕ ತೋರಿಸುವ ಹುರುಳಿಕಾಳಿನಷ್ಟು ಸಣ್ಣ ಯಂತ್ರವನ್ನು ಎರೋನಿಯ ದೋಣಿಯಲ್ಲಿ ಸಿಕ್ಕಿಸುವುದು. ಯಂತ್ರದ ಚುಕ್ಕೆ ಹವಳದ ದಿಬ್ಬ ದಾಟಿ ಹೊರಸಮುದ್ರಕ್ಕೆ ಬಂತೆಂದರೆ ಗಸ್ತು ಹಡಗು ಹೊರಡಬೇಕು. ಎಂಟು ತಿಂಗಳ ಕೆಲಸ, ಒಂದು ಚುಕ್ಕೆ. ಸಮಯ ಬರುವವರೆಗೆ ಅದನ್ನು ಒಂದು ಕೆಂಪು ಫ್ಲಾಸ್ಕಿನ ತಳದಲ್ಲಿ ಅಡಗಿಸಿಟ್ಟಿದ್ದ.

ಇನ್ನೊಂದು ವಸ್ತುವೂ ಇತ್ತು. ಅವನ ಇಲಾಖೆಯ ಒಂದು ನಿಯಮದ ಪ್ರಕಾರ ವೇಷದಲ್ಲಿರುವವರು ಗುರುತಿನ ಚೀಟಿ ಒಯ್ಯಬಾರದು. ಇನ್ನೊಂದರ ಪ್ರಕಾರ ಗುರುತಿನ ಚೀಟಿ ತೋರಿಸದೆ ಯಾರನ್ನೂ ಬಂಧಿಸಬಾರದು. ಎರಡನ್ನೂ ಬರೆದ ಕೈ ಒಂದೇ ಎನ್ನುತ್ತಾನೆ ಸೆಕೋವೆ. ವಿಧೇಯ ಮನುಷ್ಯ; ಚೀಟಿಯನ್ನು ಟೋಪಿಯ ಒಳಗಡೆ ಹೊಲಿದುಕೊಂಡು ಬಂದಿದ್ದ.

ಬಂದ ದಿನ ಸಂಜೆ ಯಂಗೋನ ಕುಡಿಯಲು ಕೂತೆವು. ಮಣ್ಣಿನ ರುಚಿಯ ಆ ಬೇರಿನ ನೀರು ನಾಲಗೆಯನ್ನು ಮರಗಟ್ಟಿಸುತ್ತದೆ, ಆದರೆ ಪ್ರಶ್ನೆಗಳನ್ನಲ್ಲ. ಊರಿನ ಯಜಮಾನ ಲೆವಾನಿ ಚಿಪ್ಪು ಅವನ ಕೈಗಿತ್ತು ಕೇಳಿದ.

"ಯಾವೂರಪ್ಪ ನಿಂದು?"

"ಲೌಟೋಕ."

"ಅದು ಬಸ್ ಸ್ಟ್ಯಾಂಡು ಕಣಯ್ಯ. ಊರು ಯಾವ್ದು ಅಂದೆ."

ಎಲ್ಲರೂ ನಕ್ಕರು. ಸೆಕೋವೆ ಚಿಪ್ಪನ್ನು ಒಂದೇ ಗುಟುಕಿಗೆ ಖಾಲಿ ಮಾಡಿ ಪದ್ಧತಿಯಂತೆ ಮೂರು ಸಲ ಚಪ್ಪಾಳೆ ತಟ್ಟಿದ. ಸುಳ್ಳು ಊರು ಹೇಳಿದರೆ ಎರಡನೇ ಸುತ್ತಿಗೆ ಸಿಕ್ಕಿಬೀಳುತ್ತಾನೆ. ಯಾರದೋ ತಂಗಿಯನ್ನು ಅಲ್ಲಿಗೆ ಕೊಟ್ಟೇ ಇರುತ್ತಾರೆ. ಆದ್ದರಿಂದ ನಿಜ ಹೇಳಿದ.

"ದೆಲಾಯಿಕುರ. ಅಪ್ಪನ ಊರು. ನಾನು ಅಲ್ಲಿ ಬೆಳೆದವನಲ್ಲ."

ಹೆಂಗಸರ ಸಾಲಿನಿಂದ ಬೂ ಮೆರೆವಾಲೆಸಿ ಎದ್ದು ನಿಂತಳು. ಬೂ ಎಂದರೆ ಅಜ್ಜಿ. ಎಪ್ಪತ್ತೆರಡು ವರ್ಷ, ಅಗಲ ಭುಜ, ಚರ್ಚಿನ ಹಾಡಿನಲ್ಲಿ ಗಂಡಸರ ದನಿಯನ್ನು ಮುಳುಗಿಸುವ ಗಂಟಲು.

"ತೌವು!" ಎಂದು ಕೂಗಿದವಳೇ ಪಾತ್ರೆ ತೊಳೆದ ನೀರಿನ ಬಕೆಟ್ಟನ್ನು ಅವನ ತಲೆಯ ಮೇಲೆ ಸುರಿದಳು. ಒದ್ದೆಯಾದ ಟೋಪಿಯನ್ನು ಕಿತ್ತು ತನ್ನ ತಲೆಗಿಟ್ಟುಕೊಂಡಳು. "ಮೀನು ಡಬ್ಬಿಯೊಳಗೇ ಹುಟ್ಟತ್ತೆ ಅಂದ್ಕೊಂಡಿರೋ ಗುಡ್ಡದ ನನ್ಮಕ್ಳು! ಇಷ್ಟು ವರ್ಷ ಎಲ್ಲಿ ಸತ್ತಿದ್ರಿ?"

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

ಒಂದೇ ಮೂಲಪುರುಷನನ್ನು ದೈವವೆಂದು ನಂಬುವ ಎರಡು ಊರುಗಳು ಒಂದಕ್ಕೊಂದು ತೌವು. ತೌವು ಆದವರು ಪರಸ್ಪರ ಏನು ಬೇಕಾದರೂ ಬೈಯಬಹುದು, ಕೇಳದೆ ಏನು ಬೇಕಾದರೂ ಎತ್ತಿಕೊಂಡು ಹೋಗಬಹುದು. ನಿಮ್ಮ ಹಂದಿಯನ್ನು ಕೊಯ್ದು ನಿಮಗೇ ಬಡಿಸಬಹುದು. ಒಯ್ದದ್ದನ್ನು ವಾಪಸ್ ಕೇಳುವಂತಿಲ್ಲ, ವಾಪಸ್ ಎತ್ತಿಕೊಳ್ಳುವಂತೆಯೂ ಇಲ್ಲ. ಬೇಕಿದ್ದರೆ ಅವರ ಬೇರೆ ಏನನ್ನಾದರೂ ಎತ್ತಿಕೊಳ್ಳಿ. ಇದರಲ್ಲಿ ತಪ್ಪು ಎನ್ನುವುದು ಒಂದೇ, ಸಿಟ್ಟು ಮಾಡಿಕೊಳ್ಳುವುದು. ತೌವುವಿನ ಮೇಲೆ ಮುಖ ಊದಿಸಿಕೊಂಡವನನ್ನು ನಾನು ಈ ಊರಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಪೇಟೆಯಲ್ಲಿ ಬೆಳೆದ ಸೆಕೋವೆ ಹಲ್ಲು ಕಿರಿದು ಕೂತ. ಕಣ್ಣು ಮಾತ್ರ ಟೋಪಿಯ ಮೇಲಿತ್ತು.

ಮಾರನೆಯ ಬೆಳಿಗ್ಗೆ ಬೂ ನನ್ನ ಜಗಲಿಗೆ ಬಂದಳು. ಸೆಕೋವೆ ಹಲ್ಲುಜ್ಜುತ್ತಿದ್ದ.

"ಆಹಾ, ಎಷ್ಟು ಚಂದ ಇದೆ ಫ್ಲಾಸ್ಕು. ಕೆಂಪು. ತೌವು, ಇದು ನಂದು."

"ಬೂ, ಅದು... ಅದರ ಮುಚ್ಚಳ ಸೋರತ್ತೆ."

"ನಂದೂ ಬಾಯಿ ಸೋರತ್ತೆ. ಜೋಡಿ ಸರಿಯಾಯ್ತು." ಹೊರಟೇಹೋದಳು.

ಅಂದಿನಿಂದ ಫ್ಲಾಸ್ಕನ್ನು ಅವಳು ಒಂದು ಗಳಿಗೆಯೂ ಬಿಡಲಿಲ್ಲ. ಬೆಳಿಗ್ಗೆ ಚರ್ಚಿಗೆ, ನೀರಿಳಿದಾಗ ಏಡಿ ಹಿಡಿಯಲು ಹವಳದ ದಿಬ್ಬಕ್ಕೆ, ಸಂಜೆ ಮತ್ತೆ ಚರ್ಚಿಗೆ, ಅಲ್ಲಿಂದ ಯಂಗೋನಕ್ಕೆ. ಗಜನಿಂಬೆ ಎಲೆಯ ಚಹಾ ತುಂಬಿಕೊಂಡು, ಕಂಕುಳಲ್ಲಿ ಮೊಮ್ಮಗುವಿನಂತೆ ಇಟ್ಟುಕೊಂಡು ತಿರುಗಿದಳು.

ನಮ್ಮ ಊರಿನಲ್ಲಿ ಮೊಬೈಲು ಹಿಡಿಯುವುದು ಒಂದೇ ಕಡೆ, ನನ್ನ ಹಿತ್ತಲಿನ ಹಲಸಿನ ಜಾತಿಯ ಜೀಗುಜ್ಜೆ ಮರದ ಕೆಳಗೆ. ಆದ್ದರಿಂದ ಊರಿನ ಯಾವ ಗುಟ್ಟೂ ನನಗೆ ತಪ್ಪುವುದಿಲ್ಲ. ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ಶಿಕ್ಷಕರಿಗೆ ಇರುವುದೂ ಇಲ್ಲ. ನಾಲ್ಕನೆಯ ದಿನ ಸೆಕೋವೆ ಅಲ್ಲಿಂದ ರಾಜಧಾನಿ ಸುವಾಕ್ಕೆ ಫೋನು ಮಾಡಿದ.

"ಹ್ಞೂಂ ಮೇಡಂ, ಆ ಸ್ಪಾರ್ಕ್ ಪ್ಲಗ್ ಕೂರಿಸಾಯ್ತು... ಚರ್ಚಿಗಾ? ಹೌದು, ದಿನಾ ಎರಡು ಸಲ ಹೋಗತ್ತೆ... ಇಲ್ಲ ಮೇಡಂ, ಅವನು ಈಚೆಗೆ ಸ್ವಲ್ಪ ದೈವಭಕ್ತ ಆಗಿದಾನೆ... ದಿಬ್ಬದ ಮೇಲೆ ಮೂರು ಗಂಟೆ ನಿಂತಿತ್ತಾ? ಏಡಿ ಹಿಡೀತಿರಬೇಕು ಮೇಡಂ."

ಸ್ಪಾರ್ಕ್ ಪ್ಲಗ್ ಚರ್ಚಿಗೆ ಹೋಗುವುದಿಲ್ಲ. ಹೋಮ್‌ವರ್ಕನ್ನು ಹಂದಿ ತಿಂದಿತು ಎಂಬಂಥ ನೆಪಗಳನ್ನು ಮೂವತ್ತು ವರ್ಷ ಕೇಳಿದ ಕಿವಿ ನನ್ನದು. ಇವನು ಪೊಲೀಸು ಎಂದು ಅವತ್ತೇ ಗೊತ್ತಾಯಿತು. ಯಾರ ಹಿಂದೆ ಬಿದ್ದಿದ್ದಾನೆ ಎಂದು ಕೇಳುವ ಅಗತ್ಯವೂ ಇರಲಿಲ್ಲ. ತೆಂಗಿನಕಾಯಿ ಒಣಗಿಸಿ ಮಾರುವ ಎರೋನಿಯ ದೋಣಿಗೆ ಎರಡು ಹೊಸ ಎಂಜಿನ್. ಅವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಬಾಯಿಬಿಡಲಿಲ್ಲ. ಒಳ್ಳೆಯ ಕತೆಯ ನಡುವೆ ಮಾತಾಡಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟವನೇ ನಾನು.

ಸೆಕೋವೆ ಮಾತ್ರ ಸೊರಗಿದ. ಹನ್ನೊಂದು ಎಂಜಿನ್ ಎಬ್ಬಿಸಿದ. ಊರು ಅವನಿಗೆ ಮೀನು, ಮರಗೆಣಸು, ಮದುವೆಗೆಂದು ಒಬ್ಬ ವಿಧವೆಯ ಸೋದರಿ, ಎಲ್ಲವನ್ನೂ ತೋರಿಸಿತು. ಯಾವುದೂ ರುಚಿಸಲಿಲ್ಲ. ಚುಕ್ಕೆ ಅಜ್ಜಿಯ ಕಂಕುಳಲ್ಲಿ, ಚೀಟಿ ಅಜ್ಜಿಯ ತಲೆಯ ಮೇಲೆ.

"ಯಾಕೋ ತೌವು, ಮುಖ ಹರಳೆಣ್ಣೆ ಕುಡಿದಂಗಿದೆ?" ಬೂ ಕೇಳಿದಳು. "ಹತ್ತು ದಿನ ಆಯ್ತು, ನಮ್ಮಿಂದ ನೀನು ಒಂದು ಚಮಚಾನೂ ಎತ್ಕೊಂಡಿಲ್ಲ. ನಮ್ಮೂರಲ್ಲಿ ಕದಿಯೋ ಅಂಥದ್ದು ಏನೂ ಇಲ್ಲ ಅಂತಾನಾ? ಅವಮಾನ ಕಣೋ ಇದು."

"ನಂಗೆ ರೂಢಿ ಇಲ್ಲ ಬೂ."

"ರೂಢಿ ಮಾಡ್ಕೋ. ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಬಾಗಿಲನ್ನೇ ಕಿತ್ಕೊಂಡು ಹೋಗಿರೋನು."

ಗುರುವಾರ ಪಕ್ಕದ ದೊಡ್ಡ ದ್ವೀಪದ ಮೊಬೈಲ್ ಟವರ್ ಎಂದಿನಂತೆ ಡೀಸೆಲ್ ಮುಗಿದು ಮಲಗಿತು. ಶುಕ್ರವಾರ ಹಾಯಿಹಡಗು ಬಂತು. ಅದರಲ್ಲಿ ಇಬ್ಬರು ಬಿಳಿಯರು. ಕ್ಯಾಪ್ಟನ್ನು ಲೆವಾನಿಯ ಮುಂದೆ ಕಾಲು ಮಡಿಸಿ ಕೂತು, ಪದ್ಧತಿಯ ಪ್ರಕಾರ ಯಂಗೋನದ ಕಟ್ಟನ್ನು ಒಪ್ಪಿಸಿ, ಎರಡು ದಿನ ತಂಗಲು ಅಪ್ಪಣೆ ಪಡೆದ. ಹಡಗನ್ನು ಮಾತ್ರ ಊರ ಮುಂದೆ ನಿಲ್ಲಿಸದೆ ದ್ವೀಪದ ಬೆನ್ನ ಕಡೆಗೆ, ದಿಬ್ಬದ ಆಚೆ ನಿಲ್ಲಿಸಿದ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಎರೋನಿ ಮರಳ ಮೇಲೆ ಚೀಲಗಳನ್ನು ಸಾಲಾಗಿಟ್ಟ. ಕೆಸವಿನ ಗೆಡ್ಡೆ, ಹಡಗಿನವರು ಕೇಳಿದ್ದಾರೆ ಎಂದ. ಶನಿವಾರ ಎಲ್ಲರೂ ದಡದಲ್ಲೇ ಇರುತ್ತಾರೆ, ಬಲೆ ಹೊಲಿಯುತ್ತ, ಹರಟುತ್ತ. ಸೆಕೋವೆ ಒಂದು ಹಳೆಯ ಎಂಜಿನ್ನಿನ ಮುಂದೆ ಕೂತು ಅದನ್ನು ಬಿಚ್ಚಿದ್ದ, ಜೋಡಿಸಿದ್ದ, ಮತ್ತೆ ಬಿಚ್ಚಿದ್ದ. ಫೋನಿಲ್ಲ. ಊರಿನ ರೇಡಿಯೋದಲ್ಲಿ ಮಾತಾಡಿದರೆ ಹಡಗಿನವರೂ ಕೇಳುತ್ತಾರೆ. ಇನ್ನು ಅರ್ಧ ಗಂಟೆಯಲ್ಲಿ ಎಂಟು ತಿಂಗಳ ಕೆಲಸ ಅವನ ಕಣ್ಣೆದುರೇ ತೇಲಿಹೋಗುತ್ತದೆ.

ಬೂ ಅವನ ಪಕ್ಕ ಬಂದು ಕೂತಳು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಳು.

"ಮೇಷ್ಟ್ರೇ," ನನ್ನನ್ನು ಕೇಳಿದಳು, "ನೀವು ಲೆಕ್ಕದವರು. ಇಬ್ರು ಸಣಕಲು ಬಿಳಿಯರಿಗೆ ಎಂಟು ಚೀಲ ಗೆಡ್ಡೆ. ಯಾವಾಗ ತಿಂದು ಮುಗಿಸ್ತಾರೆ?"

"ಮುಂದಿನ ಈಸ್ಟರ್‌ಗೆ."

"ಹ್ಞೂಂ." ಸೆಕೋವೆಯ ಪಕ್ಕೆಗೆ ತಿವಿದಳು. "ತೌವು, ಇವತ್ತಾದ್ರೂ ಏನಾದ್ರೂ ಎತ್ಕೋ. ಆ ಕಡೆ ನೋಡು, ಎಷ್ಟು ಚೆನ್ನಾಗಿ ಸಾಲಾಗಿ ಇಟ್ಟಿದಾನೆ."

ಸೆಕೋವೆ ಅವಳ ಮುಖ ನೋಡಿದ. ಅವಳು ಸಮುದ್ರ ನೋಡುತ್ತಿದ್ದಳು. ನಿಧಾನವಾಗಿ ಎದ್ದ, ಕೈಯ ಎಣ್ಣೆಯನ್ನು ಚಡ್ಡಿಗೆ ಒರೆಸಿಕೊಂಡ. ಆಮೇಲೆ ಅವನ ಗಂಟಲಿನಿಂದ ಅವನ ಅಪ್ಪನ ಊರು ಇಡೀ ಹೊರಬಂತು.

"ತೌವು! ಏಡಿ ಮೂತಿಯ ಎರೋನಿ! ನಿನ್ನ ಗೆಡ್ಡೆ ನಂದು!"

ದಡವಿಡೀ ಹೋ ಎಂದಿತು. ಅಂತೂ ಗುಡ್ಡದವನಿಗೆ ಜೀವ ಬಂತು ಎಂದರು. ಅವನು ಒಂದು ಚೀಲವನ್ನು ಹೆಗಲಿಗೇರಿಸಿದ, ಹೆಂಗಸರು ಕೇಕೆ ಹಾಕಿದರು. ಎರೋನಿಯ ಅಂಗಿಯ ಜೇಬಿನಿಂದ ಕೈರೇಡಿಯೋವನ್ನೂ ಕಿತ್ತುಕೊಂಡ: "ಇದೂ ನಂದು!" ಇನ್ನೂ ಜೋರಾಗಿ ನಕ್ಕರು. ಎರೋನಿ ಅವತ್ತು ಸುಮ್ಮನೆ ಜೊತೆಗೆ ನಕ್ಕು, ಒಂದು ಚೀಲ ಹೋದರೆ ಹೋಗಲಿ ಎಂದಿದ್ದರೆ ಬಹುಶಃ ಬಚಾವಾಗುತ್ತಿದ್ದ. ಆದರೆ ಆ ಒಂದು ಚೀಲ ಅವನಿಗೆ ಗೆಡ್ಡೆಯ ಚೀಲವಾಗಿರಲಿಲ್ಲ.

"ಕೆಳಗಿಡೋ ಚೀಲಾನ!" ಎಂದು ಅರಚಿದ. "ನಿನ್ನ ಕೈ ಮುರೀತೀನಿ! ತಮಾಷೆನಾ ಇದು?"

ನಗು ಕತ್ತರಿಸಿದಂತೆ ನಿಂತಿತು. ಬಲೆ ಹೊಲಿಯುತ್ತಿದ್ದ ಸೂಜಿಗಳು ನಿಂತವು. ಲೆವಾನಿ ಎದ್ದು ನಿಂತ. ತೌವುವಿನ ಮೇಲೆ ಸಿಟ್ಟು! ಅದೂ ಗೆಡ್ಡೆಗೆ! ಇದಕ್ಕಿಂತ ಅವನು ಚರ್ಚಿನಲ್ಲಿ ಬಟ್ಟೆ ಬಿಚ್ಚಿ ನಿಂತಿದ್ದರೆ ಜನ ಬೇಗ ಮರೆಯುತ್ತಿದ್ದರು.

ಬೂ ಮೆರೆವಾಲೆಸಿ ನಡೆದು ಬಂದಳು. ಎರೋನಿ ಅವಳ ತಮ್ಮನ ಮಗ. ತಾಯಿ ಸತ್ತ ಮೇಲೆ ಅವಳ ಕೈಯಲ್ಲೇ ಉಂಡು ಬೆಳೆದವನು.

"ಗೆಡ್ಡೆಯೊಳಗೆ ಏನಿದೆ ಮಗಾ?" ಎಂದಳು. ದನಿ ಎಂದೂ ಇಲ್ಲದಷ್ಟು ಮೆಲ್ಲಗಿತ್ತು.

ಸೆಕೋವೆ ಹೆಗಲ ಮೇಲಿದ್ದ ಚೀಲವನ್ನು ಮರಳಿಗಿಳಿಸಿದ. ಅವಳು ತೆಂಗು ಸುಲಿಯುವವನ ಕೈಯಿಂದ ಕತ್ತಿ ತೆಗೆದುಕೊಂಡು ಚೀಲದ ಹೊಲಿಗೆ ಕೊಯ್ದಳು. ಮೇಲೆ ಆರು ಗೆಡ್ಡೆ. ಕೆಳಗೆ ಪ್ಲಾಸ್ಟಿಕ್ ಸುತ್ತಿದ ಬಿಳಿ ಇಟ್ಟಿಗೆಗಳು.

ಸೆಕೋವೆ ಗಂಟಲು ಸರಿಮಾಡಿಕೊಂಡ. "ಎರೋನಿ, ನಾನು ಪೊಲೀಸು. ನಿನ್ನನ್ನ ಬಂಧಿಸ್ತಾ ಇದೀನಿ..." ಅಷ್ಟಕ್ಕೇ ನಿಂತ. ಎರಡನೇ ನಿಯಮ ನೆನಪಾಗಿರಬೇಕು.

ಬೂ ತನ್ನ ತಲೆಯ ಟೋಪಿ ತೆಗೆದು ಅವನ ತಲೆಯ ಮೇಲಿಟ್ಟಳು. "ವಾಪಸ್ ಕೊಡ್ತಿಲ್ಲ. ಹೊಸದಾಗಿ ಕೊಡ್ತಿದೀನಿ. ಒಳಗಡೆ ಇದೆ ನಿನ್ನ ಚೀಟಿ. ಮೊದಲನೇ ಒಗೆತದಲ್ಲೇ ಸಿಕ್ತು. ಫೋಟೋದಲ್ಲಿ ಮೂಗು ಸ್ವಲ್ಪ ಅಳಿಸಿದೆ."

"ಇಷ್ಟು ದಿನದಿಂದ ಗೊತ್ತಿತ್ತಾ ಬೂ?"

"ಇವನು ತಾನೇ ಬಂದು ನನ್ನ ಹತ್ರ ಹೇಳ್ತಾನೇನೋ ಅಂತ ಕಾದೆ," ಎಂದಳು, ಎರೋನಿಯ ಕಡೆ ನೋಡದೆ. "ದಿನಾ ಎರಡು ಹೊತ್ತು ಪ್ರಾರ್ಥನೆ ಮಾಡಿದೆ. ಹೇಳಲಿಲ್ಲ."

ಎರೋನಿಯನ್ನು ಲೆವಾನಿಯ ಮನೆಯಲ್ಲಿ ಕೂರಿಸಿದರು. ಊರಿನ ರಗ್ಬಿ ತಂಡ ಸುತ್ತ ಕೂತಿತು. ಯಾರೂ ಅವನನ್ನು ಮುಟ್ಟಲಿಲ್ಲ, ಯಾರೂ ಅವನೊಂದಿಗೆ ಮಾತಾಡಲೂ ಇಲ್ಲ.

ಉಳಿದದ್ದು ಹಡಗು. ಸೆಕೋವೆ ಕೊಯ್ದ ಚೀಲ ಹೊಲಿಸಿ ಎಂಟನ್ನೂ ಎರೋನಿಯ ದೋಣಿಗೆ ಹೇರಿದ. ಆಮೇಲೆ ಬೂ ಮುಂದೆ ಕೈಕಟ್ಟಿ ನಿಂತ.

"ಬೂ, ಒಂದು ವಿಷಯ. ಫ್ಲಾಸ್ಕಿನೊಳಗೆ ನಮ್ಮ ಯಂತ್ರ ಇದೆ. ಅದು ದಿಬ್ಬ ದಾಟಿದ್ರೇನೇ ನೌಕಾಪಡೆ ಬರೋದು. ಫ್ಲಾಸ್ಕು ನನ್ನ ಜೊತೆ ಬರಬೇಕು."

"ಕೇಳ್ತಿದೀಯಾ?"

"ಇಲ್ಲಪ್ಪ. ವಿಷಯ ಹೇಳ್ತಿದೀನಿ."

"ಫ್ಲಾಸ್ಕು ಹೋದ್ರೆ ನಾನೂ ಹೋಗ್ತೀನಿ."

"ಅಪಾಯ ಬೂ. ಅವರ ಹತ್ರ ಬಂದೂಕು ಇದ್ರೂ ಇರಬಹುದು."

"ನನ್ನ ಹತ್ರ ಚಹಾ ಇದೆ. ಮೇಷ್ಟ್ರೇ, ಹತ್ತಿ. ನೀವಿದ್ರೆ ಮರ್ಯಾದಸ್ಥರ ಹಂಗೆ ಕಾಣ್ತೀವಿ."

ದೋಣಿಗೆ ಹತ್ತಿದ ಅವಳನ್ನು ಇಳಿಸುವ ಯಂತ್ರ ನಮ್ಮ ದ್ವೀಪದಲ್ಲಿ ಇಲ್ಲ. ಹೊರಟೆವು.

ಕ್ಯಾಪ್ಟನ್ನು ಕಟಕಟೆಯ ಬಳಿ ನಿಂತಿದ್ದ. ಎರೋನಿ ಎಲ್ಲಿ ಎಂದ. ಹೊಟ್ಟೆ ಕೆಟ್ಟಿದೆ, ನಾನು ಅವನ ಮೆಕ್ಯಾನಿಕ್ಕು, ಇವರು ಅವನ ಸೋದರತ್ತೆ ಎಂದ ಸೆಕೋವೆ. ಮೂರೂ ಒಂದೊಂದು ರೀತಿಯಲ್ಲಿ ನಿಜವೇ. ಕ್ಯಾಪ್ಟನ್ನು ಒಂದು ಚೀಲದೊಳಗೆ ಕೈಹಾಕಿ ತಳ ಮುಟ್ಟಿ ನೋಡಿ, ಮುಖ ಅರಳಿಸಿ, ಎಂಟನ್ನೂ ತನ್ನ ಕೈಯಿಂದಲೇ ಮೇಲೆಳೆದುಕೊಂಡ. ಗೆಳೆಯ ಲಂಗರು ಎತ್ತಲು ಹೋದ. ಸಮುದ್ರ ಖಾಲಿಯಾಗಿತ್ತು. ಗಸ್ತು ಹಡಗು ಬರಲು ಇನ್ನೂ ಒಂದು ಗಂಟೆಯಾದರೂ ಬೇಕು.

ಬೂ ಆಗಲೇ ಹಡಗಿನ ಮೇಲೆ ಹತ್ತಿ ಕಾಲು ಮಡಿಸಿ ಕೂತಿದ್ದಳು.

"ಚಹಾ ಕುಡೀದೇ ಯಾರಾದ್ರೂ ಊರು ಬಿಡ್ತಾರಾ? ಕೂತ್ಕೊಳ್ಳಿ."

ಕೂತರು. ಮೂರು ಮೂರು ಲೋಟ ಕುಡಿಸಿದಳು. ಅವರ ಊರು ಕೇಳಿದಳು, ಅಪ್ಪನ ಹೆಸರು ಕೇಳಿದಳು, ತಾಯಿಯ ಕಡೆಯವರನ್ನು ಕೇಳಿದಳು. ಕ್ಯಾಪ್ಟನ್ನಿಗೆ ತನ್ನ ತಾಯಿಯ ತಾಯಿಯ ಹೆಸರು ಗೊತ್ತಿರಲಿಲ್ಲ. ಅದಕ್ಕೆ ಅವಳು ನಿಜವಾಗಿಯೂ ಮರುಗಿದಳು. ಅವನು ಗಡಿಯಾರ ನೋಡಿದ.

"ಸರಿ, ಹೊರಡಿ. ಪ್ರಯಾಣಕ್ಕೆ ಒಂದು ಸಣ್ಣ ಪ್ರಾರ್ಥನೆ ಮಾಡ್ಬಿಡೋಣ," ಎಂದು ಇಬ್ಬರ ಕೈಯನ್ನೂ ತನ್ನ ದೊಡ್ಡ ಕೈಗಳಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದಳು.

ಬೂ ಮೆರೆವಾಲೆಸಿಯ ಸಣ್ಣ ಪ್ರಾರ್ಥನೆ ನನಗೆ ಗೊತ್ತು. ಗಾಳಿಗೆ ವಂದಿಸಿದಳು, ಅಲೆಗೆ ವಂದಿಸಿದಳು. ಊರಿನ ಕಾಯಿಲೆಯವರನ್ನು ಕಾಯಿಲೆಯ ಹೆಸರು ಸಹಿತ ನೆನೆದಳು. ಸತ್ತವರನ್ನು ಸತ್ತ ವರ್ಷದ ಕ್ರಮದಲ್ಲಿ ನೆನೆದಳು. ಎರೋನಿಯ ಹೆಸರು ಬಂದಾಗ ಅದನ್ನೇ ಮತ್ತೆ ಮತ್ತೆ ಹೇಳಿದಳು. ಕ್ಯಾಪ್ಟನ್ನು ಎರಡು ಸಲ ಕೈ ಎಳೆದುಕೊಳ್ಳಲು ನೋಡಿದ. ಕಲ್ಲಿನಡಿಯಿಂದ ಏಡಿ ಎಳೆದು ರೂಢಿಯಾದ ಕೈ ಅದು. ಮೂವತ್ತೈದು ನಿಮಿಷದ ಮೇಲೆ ನಾನು ಒಂದು ಕಣ್ಣು ತೆರೆದೆ. ಭೂಶಿರದ ಆಚೆಯಿಂದ ಬೂದು ಬಣ್ಣದ ಮೂತಿಯೊಂದು ನೊರೆ ಸೀಳಿಕೊಂಡು ಬರುತ್ತಿತ್ತು.

"ಆಮೆನ್," ಎಂದೆ, ಗಟ್ಟಿಯಾಗಿ.

"ಆಮೆನ್," ಎಂದು ಬೂ ಅವರ ಕೈ ಬಿಟ್ಟಳು.

ಎರಡು ತಿಂಗಳ ಮೇಲೆ ಸೆಕೋವೆ ಮತ್ತೆ ಬಂದ, ಒಂದು ದೊಡ್ಡ ಕಟ್ಟು ಯಂಗೋನ ಹಿಡಿದುಕೊಂಡು. ಇಲಾಖೆ ಯಂತ್ರ ಕೇಳುತ್ತಿದೆ ಎಂದು ಮೊದಲು ನನಗೆ ಹೇಳಿದ, ಧೈರ್ಯ ಬರಲೆಂದು. ಬೂ ಅವನ ಮಾತನ್ನು ಪೂರ್ತಿ ಕೇಳಿ, ಯಂಗೋನವನ್ನು ಸ್ವೀಕರಿಸಿ, ಅವನ ಹೊಸ ಚಪ್ಪಲಿಗಳನ್ನು ಎತ್ತಿಟ್ಟುಕೊಂಡಳು. ಅವನೂ ಕಡಿಮೆಯಾಗಲಿಲ್ಲ, ಅವಳ ಕೋಳಿ ಹಿಡಿದ. ವರದಿಯಲ್ಲಿ "ಯಂತ್ರ ಕಾರ್ಯಾಚರಣೆಯಲ್ಲಿ ಮುಂದುವರಿದಿದೆ" ಎಂದು ಬರೆದನಂತೆ. ಆ ಸಂಜೆ ಕೋಳಿಯನ್ನು ನನ್ನ ಜಗಲಿಯಲ್ಲೇ ಬೇಯಿಸಿದೆವು. ಬೂ ಬಂದು ತನ್ನ ಕೋಳಿಯ ತೊಡೆಯನ್ನೇ ತಿಂದು, ಉಪ್ಪು ಸಾಲದು ಎಂದಳು. ಎರೋನಿಗೆ ಒಯ್ಯಲು ಒಂದು ಬುತ್ತಿ ಕಟ್ಟಿ, ಜೈಲಿನಲ್ಲಿ ಅವನ ಕೈಗೇ ಮುಟ್ಟಿಸಬೇಕೆಂದು ಸೆಕೋವೆಯ ತಲೆಯ ಮೇಲೆ ಹೊರಿಸಿದಳು. ಅವನು ಮುಟ್ಟಿಸಿದ.

ಬ್ಯಾಟರಿ ಇನ್ನೂ ಇದೆ. ಕಳೆದ ಮಂಗಳವಾರ ಜೀಗುಜ್ಜೆ ಮರದ ಕೆಳಗೆ ನನ್ನ ಫೋನು ಹೊಡೆದುಕೊಂಡಿತು. ಆ ಕಡೆ ಸುವಾದ ಮೇಡಂ, ಸೆಕೋವೆಯ ಮೇಲಧಿಕಾರಿ.

"ಮೇಷ್ಟ್ರೇ, ಚುಕ್ಕೆ ಇವತ್ತು ಬೆಳಿಗ್ಗೆ ಚರ್ಚಿಗೆ ಹೋಗ್ಲಿಲ್ವಲ್ಲ. ಅಜ್ಜಿ ಆರಾಮಿದಾರಾ?"

ಹೋಗಿ ನೋಡಿದೆ. ನೆಗಡಿ. ಚಾಪೆಯ ಮೇಲೆ ಕಂಬಳಿ ಹೊದ್ದು ಕೂತು ಕೆಂಪು ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತಿದ್ದಳು. ಸುವಾದಿಂದ ವಿಚಾರಿಸಿದರು ಎಂದೆ.

"ಸಾಯಂಕಾಲ ಹೋಗ್ತೀನಿ ಅಂತ ಹೇಳಿ," ಎಂದಳು.